ಕಂಟ್ರೋಲ್ ಸೆರಿಟೋಸಿನಲ್ಲಿ, ಕಮಾಂಡ್ ಸ್ಯಾನ್ ಡಿಯಾಗೊದಲ್ಲಿ

ದಕ್ಷಿಣ ಕ್ಯಾಲಿಫೋರ್ನಿಯಾದ ಕನ್ನಡ ಮಕ್ಕಳಿಗೆ ಸಂಗೀತ ಎರಡು ಬಾಗಿಲಿನಿಂದ ಬರುತ್ತದೆ. ಶನಿವಾರ ಬೆಳಿಗ್ಗೆ ಯಾರದೋ ಗ್ಯಾರೇಜಿನಲ್ಲಿ ಜಮಖಾನ ಹಾಸಿ ಸರಳೆ ವರಸೆ. ಸೋಮವಾರ ಶಾಲೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ಟು, ಟ್ರಂಪೆಟ್ಟು, ಟ್ರಾಂಬೋನು. ಶನಿವಾರದ ಟೀಚರಿಗೆ ಸೋಮವಾರದ ಸುದ್ದಿ ಗೊತ್ತಿಲ್ಲ, ಸೋಮವಾರದವರಿಗೆ ಶನಿವಾರದ್ದು ಗೊತ್ತಿಲ್ಲ. ಎರಡೂ ಕಡೆಯ ಸುದ್ದಿ ಗೊತ್ತಿರುವವನು ಡ್ರೈವರು, ಅಂದರೆ ಅಪ್ಪ. ಅವನಿಗೆ ಸಂಗೀತ ಗೊತ್ತಿಲ್ಲ.

ಇವೆರಡನ್ನೂ ಕೂಡಿಸಿ 2024ರ ರಾಜ್ಯೋತ್ಸವಕ್ಕೆ ಮಕ್ಕಳ ಆರ್ಕೆಸ್ಟ್ರಾ ಮಾಡಿಬಿಡೋಣ ಎಂಬ ಐಡಿಯಾ ವಾಟ್ಸಾಪ್ ಗುಂಪೊಂದರಲ್ಲಿ ರಾತ್ರಿ ಹನ್ನೊಂದರ ಮೇಲೆ ಹುಟ್ಟಿತು. ಆ ಹೊತ್ತಿನಲ್ಲಿ ಹುಟ್ಟಿದ ಐಡಿಯಾಗಳಿಗೆ ಮೊದಲು ಹೆಬ್ಬೆಟ್ಟು ತೋರಿಸಿದವರೇ ಹೊಣೆಗಾರರು ಎಂಬುದು ನಮ್ಮಲ್ಲಿ ಬರೆಯದ ಕಾನೂನು. ತೋರಿಸಿದವನು ಸ್ಯಾನ್ ಡಿಯಾಗೊದಲ್ಲಿ ಚಿಪ್ ಇಂಜಿನಿಯರ್ ಆಗಿರುವ ನನ್ನ ಬಾಮೈದ. ಹಾಡು ಯಾವುದೆಂಬುದಕ್ಕೆ ಚರ್ಚೆಯಾಗಲಿಲ್ಲ: ಎಲ್ಲ ಮಕ್ಕಳಿಗೂ ಬರುವುದು ಪುರಂದರದಾಸರ ಮಲಹರಿ ರಾಗದ ಪಿಳ್ಳಾರಿ ಗೀತೆ ಒಂದೇ. ಆದರೆ ಟ್ರಾಂಬೋನ್ ಹುಡುಗನಿಗೆ ಸರಿಗಮ ಬರೆದ ಚೀಟಿ ಕೊಟ್ಟರೆ ಅವನು ಅದನ್ನು ಜೇಬಿನಲ್ಲಿಟ್ಟುಕೊಂಡು ಹೋಗುತ್ತಾನೆ. ಅವನಿಗೆ ಐದು ಗೆರೆ ಬೇಕು, ಗೆರೆಯ ಮೇಲೆ ಗುಂಡು ಬೇಕು.

ಗುಂಡು ಕೂರಿಸಲು ಸಾಫ್ಟ್‌ವೇರ್ ಬೇಕು. ವೆರ್ನರ್ ಶ್ವೀರ್ ಎಂಬ ಜರ್ಮನ್ ಪ್ರೋಗ್ರಾಮರ್ 2002ರಲ್ಲಿ ಶುರು ಮಾಡಿದ ಮ್ಯೂಸ್‌ಸ್ಕೋರ್ ಇದೆ, ಒಳ್ಳೆಯದು, ಮುಖ್ಯವಾಗಿ ಪುಕ್ಕಟೆ. ಬಾಮೈದ ಇಳಿಸಿಕೊಂಡ. ನನ್ನದು ಆಫೀಸಿನ ಲ್ಯಾಪ್‌ಟಾಪ್, ಹೊರಗಿನದೇನನ್ನೂ ಹಾಕುವಂತಿಲ್ಲ ಎಂದು ನಾನು ತಡಮಾಡದೆ ಘೋಷಿಸಿದೆ. ಅದು ನಿಜವೂ ಆಗಿತ್ತು, ಅನುಕೂಲವೂ ಆಗಿತ್ತು.

ಆಗ ಮೈಸೂರಿನಿಂದ ಬಂದಿದ್ದ ಮಾವ ಮತ್ತು ಅತ್ತೆ ಲಾಸ್ ಏಂಜಲೀಸ್ ಪಕ್ಕದ ಸೆರಿಟೋಸಿನ ನಮ್ಮ ಮನೆಯಲ್ಲಿದ್ದರು. ಮಾವ ಕೆಇಬಿಯಲ್ಲಿ ಇಂಜಿನಿಯರಾಗಿ ನಿವೃತ್ತರು. ಲೈಬ್ರರಿಯವರು ಹಳೆಯ ಪುಸ್ತಕ ಮಾರುವ ದಿನ ಒಂದು ಡಾಲರಿಗೆ ದಪ್ಪದೊಂದು ಟ್ಯುಟೋರಿಯಲ್ ಪುಸ್ತಕ ಹೊತ್ತು ತಂದರು. ಹಿಂಬದಿಯಲ್ಲಿ ಸಿಡಿ ಇಡುವ ಲಕೋಟೆ ಇತ್ತು, ಸಿಡಿ ಇರಲಿಲ್ಲ. ಪುಸ್ತಕ ಕಲಿಸುತ್ತಿದ್ದದ್ದು ಮ್ಯೂಸ್‌ಸ್ಕೋರನ್ನಲ್ಲ, ಫಿನಾಲೆ ಎಂಬ ಬೇರೆಯದೇ ಸಾಫ್ಟ್‌ವೇರನ್ನು. ಅದನ್ನು ಹೇಳಿದಾಗ ಮಾವ ಕನ್ನಡಕದ ಮೇಲಿನಿಂದ ನೋಡಿದರು. “ಕಿರ್ಲೋಸ್ಕರ್ ಟ್ರಾನ್ಸ್‌ಫಾರ್ಮರಿಗೂ ಬಿಎಚ್‌ಇಎಲ್ ಟ್ರಾನ್ಸ್‌ಫಾರ್ಮರಿಗೂ ತತ್ವ ಒಂದೇ ಕಣಯ್ಯ.”

ಅವರು ಮುನ್ನುಡಿಯಿಂದ ಶುರು ಮಾಡಿದರು. ಮುನ್ನುಡಿಗೆ ಮೊದಲು ಕಾಪಿರೈಟ್ ಪುಟ, ಅದಕ್ಕೂ ಮೊದಲು ಅರ್ಪಣೆ. ಸ್ಕೇಲ್ ಇಟ್ಟು ಕೆಂಪು ಬಾಲ್‌ಪೆನ್ನಿನಲ್ಲಿ ಅಡಿಗೆರೆ. ಪಾಠ ಹಾರಿಸುವಂತಿಲ್ಲ. “ಮ್ಯಾನುಯಲ್ ಓದದೆ ಸ್ವಿಚ್ ಹಾಕಿದ ಲೈನ್‌ಮನ್ ಯಾರೂ ಪೆನ್ಷನ್ ತಗೊಂಡದ್ದು ನಾನು ಕಂಡಿಲ್ಲ” ಎಂಬ ಅವರ ಮಾತಿಗೆ ಎದುರು ಹೇಳುವವರು ನಮ್ಮ ಮನೆಯಲ್ಲಿ ಹುಟ್ಟಿಲ್ಲ.

ಹೀಗೆ ಪುಸ್ತಕ ಲಾಸ್ ಏಂಜಲೀಸಿನ ಕಡೆ, ಸಾಫ್ಟ್‌ವೇರ್ ಸ್ಯಾನ್ ಡಿಯಾಗೊದ ಕಡೆ, ನಡುವೆ ನೂರು ಮೈಲಿ ಐ-5 ಹೆದ್ದಾರಿ. ಊಟವಾದ ಮೇಲೆ ಫೋನಿನಲ್ಲಿ ಪಾಠ.

“ಕಂಟ್ರೋಲ್ ಒತ್ತು.”

“ಅಪ್ಪಾ, ನಿಮ್ಮ ಪುಸ್ತಕ ವಿಂಡೋಸಿಂದು. ಇದು ಮ್ಯಾಕ್. ಇಲ್ಲಿ ಕಂಟ್ರೋಲ್ ಅಲ್ಲ, ಕಮಾಂಡ್.”

ಹಿಂದಿನಿಂದ ಅವನ ಹೆಂಡತಿಯ ದನಿ ಕೇಳಿಸಿತು: “ಕಮಾಂಡ್ ನಿಮ್ಮ ಹತ್ರ ಇದೆ ಅಂತ ಯಾರು ಹೇಳಿದ್ದು?”

ಸ್ವರದ ಉದ್ದ ಹೇಳಲು ಅಂಕಿ ಒತ್ತಬೇಕು. ಕ್ವಾರ್ಟರ್ ನೋಟಿಗೆ ಐದು ಎಂದು ಪುಸ್ತಕದಲ್ಲಿತ್ತು. ಒತ್ತಿದರೆ ಮ್ಯೂಸ್‌ಸ್ಕೋರಿನಲ್ಲೂ ಐದೇ! ಮಾವ ಅಂದು ರಾತ್ರಿ ಎರಡನೇ ಸಲ ಮೊಸರನ್ನ ಬಡಿಸಿಕೊಂಡರು. ತತ್ವ ಒಂದೇ ಎಂಬುದಕ್ಕೆ ಅದಕ್ಕಿಂತ ಹೆಚ್ಚಿನ ಪುರಾವೆ ಬೇಕಿರಲಿಲ್ಲ.

ಆಮೇಲೆ ಅತ್ತೆ ರಂಗಕ್ಕಿಳಿದರು. ಅವರು ಮೈಸೂರಿನಲ್ಲಿ ತಲೆಮಾರುಗಟ್ಟಲೆ ಮಕ್ಕಳಿಗೆ ವೀಣೆ ಹೇಳಿಕೊಟ್ಟವರು. ಕೈಬಿಸಿಗೆ ಮೊದಲು ಮಾಯಾಮಾಳವಗೌಳದ ಸರಳೆ ಬರೆಯೋಣ, ನಾನು ಹೇಳ್ತೀನಿ ನೀನು ಒತ್ತು ಎಂದರು. ಬಾಮೈದ ವಿಧೇಯ ಮಗ. ಅಮ್ಮ “ಸ” ಎಂದರೆ ಎಸ್ ಒತ್ತಿದ. ಅದು ಸ್ವರಗಳಿಗೆ ಕಮಾನು ಕಟ್ಟುವ ಕೀಲಿ. “ರಿ” ಎಂದರೆ ಆರ್. ಹಿಂದಿನದೇ ಮತ್ತೊಮ್ಮೆ ಬಂತು. “ಗ” ಎಂದರೆ ಜಿ; ಪಂಚಮ ಕೂಗಿತು. “ಮ” ಎಂದರೆ ಎಂ. ಖಾಲಿ ಮನೆಗಳೆಲ್ಲ ಮಡಚಿಕೊಂಡು ಒಂದೇ ಗೆರೆಯಾದವು. “ದ” ಎಂದರೆ ಡಿ; ರಿಷಭ. “ನಿ” ಎಂದು ಎನ್ ಒತ್ತಿದಾಗ ಬರೆಯುವ ಕೆಲಸವೇ ನಿಂತುಹೋಯಿತು. ಅತ್ತೆ ಸ್ಪೀಕರಿನಲ್ಲಿ ಅಷ್ಟನ್ನೂ ಕೇಳಿ, ಇದು ಯಾವ ಮೇಳಕರ್ತ ಎಂದು ಗಂಭೀರವಾಗಿ ವಿಚಾರಿಸಿದರು.

ಮಲಹರಿಗೆ ಬಂದಾಗ ತೊಡಕು ಇನ್ನೂ ಮೇಲಿನ ದರ್ಜೆಗೆ ಹೋಯಿತು. ಈ ರಾಗಕ್ಕೆ ಬೇಕಾದ್ದು ಶುದ್ಧ ರಿಷಭ, ಶುದ್ಧ ಧೈವತ, ಇಳಿಯುವಾಗ ಮಾತ್ರ ಅಂತರ ಗಾಂಧಾರ. ನಿಷಾದ ಇಲ್ಲವೇ ಇಲ್ಲ. ಸ ಎಂದರೆ ಸಿ ಎಂದಿಟ್ಟುಕೊಂಡರೆ ಡಿ ಮತ್ತು ಎ ಎರಡನ್ನು ಮಾತ್ರ ಫ್ಲ್ಯಾಟ್ ಮಾಡಬೇಕು. ಪಾಶ್ಚಾತ್ಯರ ಲೆಕ್ಕದಲ್ಲಿ ಫ್ಲ್ಯಾಟುಗಳಿಗೊಂದು ಸರತಿ ಉಂಟು: ಬಿ, ಇ, ಎ, ಡಿ. ನಾಲ್ಕನೆಯವನು ಬರಬೇಕಾದರೆ ಮೊದಲ ಮೂವರೂ ಬಂದು ಕೂತಿರಬೇಕು. ಇ ಬಂದು ಕೂತರೆ ನಮ್ಮ ಗಾಂಧಾರ ಕೆಟ್ಟಿತು. ಸಾಫ್ಟ್‌ವೇರಿನಲ್ಲಿ ನಮಗೆ ಬೇಕಾದ ಜೋಡಿಯನ್ನು ನಾವೇ ಕಟ್ಟಿಕೊಳ್ಳುವ ಸೌಲಭ್ಯ ಇದೆ ಎಂದು ಬಾಮೈದ ಕಂಡುಹಿಡಿದ. ಪುಸ್ತಕದಲ್ಲೂ ಅದು ಇತ್ತು. “ಗೊತ್ತು” ಎಂದರು ಮಾವ, “ಹನ್ನೊಂದನೇ ಪಾಠ. ನಾವಿನ್ನೂ ಆರರಲ್ಲಿದ್ದೀವಿ.”

ಇಷ್ಟರಲ್ಲಿ ಆಗಸ್ಟ್ ಕೊನೆಯ ವಾರ ಒಂದು ಸುದ್ದಿ ಬಂತು. 1988ರಲ್ಲಿ ಹುಟ್ಟಿದ ಫಿನಾಲೆಯನ್ನು ಇನ್ನು ಮುಂದುವರಿಸುವುದಿಲ್ಲ ಎಂದು ಅದರ ಕಂಪನಿ ಮೇಕ್‌ಮ್ಯೂಸಿಕ್ 26ರಂದು ಪ್ರಕಟಿಸಿತು. ಬಳಕೆದಾರರು ಸ್ಟೈನ್‌ಬರ್ಗ್ ಕಂಪನಿಯ ಡೊರಿಕೊಗೆ ಹೋಗಬಹುದು, ರಿಯಾಯಿತಿ ಉಂಟು ಎಂದೂ ಸೇರಿಸಿತು. ಹಾಲಿವುಡ್ಡಿನ ಸಿನಿಮಾಗಳಿಗೆ ಹಾಳೆ ಬರೆದುಕೊಡುವ ಊರಿದು, ಅಂಥವರ ಪಾಲಿಗೆ ಇದು ದೊಡ್ಡ ಸುದ್ದಿ. ನಮ್ಮ ಮನೆಯಲ್ಲಿ ಇದನ್ನು ಮಾವನಿಗೆ ಹೇಗೆ ಹೇಳುವುದು ಎಂಬುದೇ ಸಮಸ್ಯೆ. ಹೆಂಡತಿ ಕಾಫಿ ಕೊಟ್ಟು, ಸಕ್ಕರೆ ಒಂದು ಚಮಚ ಜಾಸ್ತಿ ಹಾಕಿ, ಮೆಲ್ಲಗೆ ತಿಳಿಸಿದಳು. ಮಾವ ಸ್ವಲ್ಪ ಹೊತ್ತು ಪುಸ್ತಕದ ರಟ್ಟು ಸವರಿದರು. ಆಮೇಲೆ ಅವರ ಮುಖ ಅರಳಿತು.

“ಹಾಗಾದ್ರೆ ಇನ್ನು ಹೊಸ ವರ್ಷನ್ ಬರೋದಿಲ್ಲ.”

“ಇಲ್ಲಪ್ಪ.”

“ಅಂದ್ರೆ ಈ ಪುಸ್ತಕ ಇನ್ನು ಯಾವತ್ತೂ ಹಳೇದಾಗೋಲ್ಲ!”

ಶ್ರುತಿಯ ಜಗಳಕ್ಕೆ ಪುಸ್ತಕದಲ್ಲಿ ಪಾಠವಿರಲಿಲ್ಲ. ಹಾಡುವ ಹುಡುಗಿಯರದು ಐದು, ಅಂದರೆ ಜಿ. ಆದರೆ ಕ್ಲಾರಿನೆಟ್ಟು ಬಿ ಫ್ಲ್ಯಾಟ್ ವಾದ್ಯ: ಅದರವನು ಸಿ ಎಂದು ಓದಿ ಊದಿದರೆ ಹೊರಬರುವುದು ಬಿ ಫ್ಲ್ಯಾಟ್. ಆಲ್ಟೊ ಸ್ಯಾಕ್ಸೊಫೋನಿನವನು ಅದೇ ಸಿ ಓದಿದರೆ ಇ ಫ್ಲ್ಯಾಟ್. ಐದರ ಶ್ರುತಿಗೆ ಒಬ್ಬನಿಗೆ ಎ ಎಂದು ಬರೆಯಬೇಕು, ಇನ್ನೊಬ್ಬನಿಗೆ ಇ ಎಂದು. ಬಾಮೈದ ಇದಕ್ಕಾಗಿ ಎಕ್ಸೆಲ್‌ನಲ್ಲಿ ಬಣ್ಣಬಣ್ಣದ ಕೋಷ್ಟಕ ಕಟ್ಟಿ, ವಿಡಿಯೊ ಕರೆಯಲ್ಲಿ ಅರ್ಧ ಗಂಟೆ ವಿವರಿಸಿದ. ಅತ್ತೆ ಹುರುಳಿಕಾಯಿ ನಾರು ತೆಗೆಯುತ್ತ ಕೇಳಿಸಿಕೊಂಡು, “ಅವನ ಸ ಅಲ್ಲಿದೆ, ಇವನ ಸ ಇಲ್ಲಿದೆ. ಅಷ್ಟೇ ತಾನೆ? ಅದಕ್ಕೆ ಇಷ್ಟೊಂದು ಬಣ್ಣ ಯಾಕೆ?” ಎಂದರು. ಕನ್ಸರ್ಟ್ ಪಿಚ್ ಎಂಬ ಒಂದೇ ಗುಂಡಿ ಈ ಇಡೀ ಕೋಷ್ಟಕದ ಕೆಲಸ ಮಾಡುತ್ತದೆ ಎಂಬುದು ಮಾವನಿಗೆ ಮೊದಲೇ ತಿಳಿದಿತ್ತು. ಹದಿಮೂರನೇ ಪಾಠ.

ಗುಂಡಿ ವಾದ್ಯಗಳನ್ನು ಸರಿಪಡಿಸಿತು, ತಾಯಂದಿರನ್ನಲ್ಲ. ಬ್ಯಾಂಡಿನ ತಾಯಂದಿರು ಬಿ ಫ್ಲ್ಯಾಟೇ ಆಗಬೇಕು, ಮಕ್ಕಳಿಗೆ ಬೆರಳು ಸುಲಭ ಎಂದರು. ಹಾಡುವ ಹುಡುಗಿಯರ ತಾಯಂದಿರು ಐದರಿಂದ ಅಲ್ಲಾಡುವುದಿಲ್ಲ ಎಂದರು. ಮಾತುಕತೆ ಕಾವೇರಿ ನೀರಿನ ಪಂಚಾಯ್ತಿಯಾಗಿ ಬೆಳೆದು ಕೊನೆಗೆ ನಾಲ್ಕಕ್ಕೆ ರಾಜಿಯಾಯಿತು, ಎರಡೂ ಕಡೆಯವರಿಗೆ ಸಮನಾದ ಅಸಮಾಧಾನದೊಂದಿಗೆ.

ಗೀತೆ ಬರೆದು ಮುಗಿದು ಮೊದಲ ಬಾರಿ ಪ್ಲೇ ಒತ್ತಿದಾಗ ಕಂಪ್ಯೂಟರ್ ಪಿಯಾನೊದಲ್ಲಿ ಟಕ್ ಟಕ್ ಎಂದು ನುಡಿಸಿತು. ಪರವಾಗಿಲ್ಲ, ಪಿಳ್ಳಾರಿ ಗೀತೆ ಅಷ್ಟನ್ನು ತಡೆದುಕೊಳ್ಳುತ್ತದೆ. ಉತ್ಸಾಹದಲ್ಲಿ ಬಾಮೈದ, ಅಮ್ಮನನ್ನು ಮೆಚ್ಚಿಸಲು, ತೋಡಿಯ ನಾಲ್ಕು ಸ್ವರ ಕೂರಿಸಿ ಕೇಳಿಸಿದ. ಅತ್ತೆ ಫೋನಿನ ಮುಂದಿನಿಂದ ಎದ್ದು ಒಳಗೆ ಹೋದರು. ತೋಡಿಯ ಗಾಂಧಾರ ಒಂದು ಕಡೆ ನಿಲ್ಲುವ ಪ್ರಾಣಿಯಲ್ಲ. ಅದನ್ನು ಗೆರೆಯ ಮೇಲೆ ಕೂರಿಸಿದರೆ ಇರುವುದು ಬರೀ ಅದರ ವಿಳಾಸ.

ಈ ತಲೆನೋವು ನಮ್ಮ ಮನೆಯಲ್ಲಿ ಹುಟ್ಟಿದ್ದಲ್ಲ. 1893ರಲ್ಲಿ ಮದರಾಸಿನ ಎ. ಎಂ. ಚಿನ್ನಸ್ವಾಮಿ ಮುದಲಿಯಾರರು ತ್ಯಾಗರಾಜರು ಮೊದಲಾದವರ ಕೃತಿಗಳನ್ನು ಐದು ಗೆರೆಗೆ ಇಳಿಸಿ ಅಚ್ಚು ಹಾಕಿಸಿದರು. ಅವರ ಒತ್ತಾಸೆಯೂ ಸೇರಿಯೇ ಎಟ್ಟಯಪುರದ ಸುಬ್ಬರಾಮ ದೀಕ್ಷಿತರು 1904ರಲ್ಲಿ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ ತಂದರು. ಅದರಲ್ಲಿ ಸರಿಗಮದ ಮೇಲೆ ಗಮಕಕ್ಕೊಂದು ಗುರುತು. ಇನ್ನು ನಮ್ಮ ಲಾಸ್ ಏಂಜಲೀಸಿನಲ್ಲೇ, ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ, ಚಾರ್ಲ್ಸ್ ಸೀಗರ್ ಎಂಬ ಹಿರಿಯರು ಮೆಲೊಗ್ರಾಫ್ ಎಂಬ ಯಂತ್ರ ಇಟ್ಟುಕೊಂಡಿದ್ದರು. ಹಾಡಿದರೆ ಸಾಕು, ದನಿ ಏರಿ ಇಳಿದದ್ದೆಲ್ಲ ಕಾಗದದ ಮೇಲೆ ವಕ್ರರೇಖೆ. ಸೀಗರ್ 1958ರಲ್ಲೇ ಒಂದು ಲೇಖನದಲ್ಲಿ ಸಂಗೀತದ ಬರವಣಿಗೆ ಎರಡು ಬಗೆ ಎಂದು ವಿಂಗಡಿಸಿದ್ದರು: ಹೀಗೆ ನುಡಿಸು ಎಂದು ಅಪ್ಪಣೆ ಕೊಡುವುದು ಒಂದು, ಹೀಗೆ ನುಡಿಸಿದರು ಎಂದು ವರದಿ ಮಾಡುವುದು ಇನ್ನೊಂದು. ಅಪ್ಪಣೆಯ ಬರಹ ಪೂರ್ತಿ ಅರ್ಥವಾಗುವುದು ಸಂಪ್ರದಾಯ ಮೊದಲೇ ಕಿವಿಯಲ್ಲಿದ್ದವನಿಗೆ ಮಾತ್ರ. ಟ್ಯುಟೋರಿಯಲ್ ಪುಸ್ತಕಗಳ ಜಾತಿಯೂ ಅದೇ ಎಂಬುದು ನನ್ನ ಗುಮಾನಿ. ಆದರೆ ಅದನ್ನು ಮಾವನ ಮುಂದೆ ಹೇಳಿಲ್ಲ.

ಅದೇ ಯುಸಿಎಲ್‌ಎಯಲ್ಲಿ ಮೃದಂಗದ ಮೇಲೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆದ ರಾಬರ್ಟ್ ಬ್ರೌನ್ ಮುಂದೆ ಸ್ಯಾನ್ ಡಿಯಾಗೊ ಸ್ಟೇಟ್ ಯೂನಿವರ್ಸಿಟಿಗೆ ಪ್ರಾಧ್ಯಾಪಕರಾಗಿ ಹೋದರು, 2005ರಲ್ಲಿ ಆ ಊರಿನಲ್ಲೇ ತೀರಿಕೊಂಡರು. ಐ-5 ಹೆದ್ದಾರಿಗೆ ನಮ್ಮ ತಾಳ ಹೊಸದಲ್ಲ ಎಂದಾಯಿತು. ಅತ್ತೆಗೆ ಇದನ್ನೆಲ್ಲ ಹೇಳಿದಾಗ ಅವರು ಹೆಚ್ಚು ಬೆರಗಾಗಲಿಲ್ಲ. “ನಮ್ಮ ಜಯಚಾಮರಾಜ ಒಡೆಯರು ಪಿಯಾನೊನೂ ನುಡಿಸ್ತಿದ್ರು, 94 ಕೃತಿನೂ ಮಾಡಿದ್ರು. ರಷ್ಯಾದ ಸಂಗೀತಗಾರ ಮೆಟ್ನರ್ ಲಂಡನ್ನಿನಲ್ಲಿ ರೆಕಾರ್ಡ್ ಮಾಡೋಕೆ ದುಡ್ಡು ಕೊಟ್ಟಿದ್ದೇ ಮೈಸೂರು” ಎಂದು ಮಾತು ಮುಗಿಸಿದರು. ಮೈಸೂರಿನವರ ಹತ್ತಿರ ವಾದ ಮಾಡಿದರೆ ಇದೇ ಪಾಡು, ಕೊನೆಗೆ ಅರಮನೆಗೆ ಬಂದೇ ಬರುತ್ತಾರೆ.

ರಿಹರ್ಸಲ್ ನಡೆದದ್ದು ಸ್ಯಾನ್ ಡಿಯಾಗೊದ ರಾಂಚೊ ಪೆನಸ್ಕಿಟೋಸಿನಲ್ಲಿ ಬಾಮೈದನ ಗ್ಯಾರೇಜಿನಲ್ಲಿ. ದಾರಿಯಲ್ಲಿ ಸ್ಯಾನ್ ಓನೊಫ್ರೆಯ ಅಣುಸ್ಥಾವರದ ಜೋಡಿ ಗುಮ್ಮಟ ಕಂಡಾಗಲೆಲ್ಲ ಮಾವ ಕಾರಿನ ಗಾಜು ಇಳಿಸುತ್ತಿದ್ದರು. “ಎರಡು ಸಾವಿರ ಮೆಗಾವಾಟಿಗೆ ಮೇಲೆ! ನಮ್ಮ ಶರಾವತಿ 1,035. ಇಂಥಾದ್ದನ್ನ 2013ರಲ್ಲಿ ಮುಚ್ಚೇಬಿಟ್ಟರಲ್ಲ!” ಎಂದು ಸ್ವಂತ ಮನೆಯವರು ಹೋದಷ್ಟು ದುಃಖಪಡುತ್ತಿದ್ದರು. ಗಾಜು ಏರುವಷ್ಟರಲ್ಲಿ ಕ್ಯಾಂಪ್ ಪೆಂಡಲ್‌ಟನ್ ಸೇನಾನೆಲೆಯ ಹಾದಿ ಅರ್ಧ ಮುಗಿದಿರುತ್ತಿತ್ತು.

ಗ್ಯಾರೇಜಿನಲ್ಲಿ ಹಾಳೆ ಹಂಚಿ, ಸ್ಟ್ಯಾಂಡು ನಿಲ್ಲಿಸಿ, ಅತ್ತೆ ಎದುರಿಗೆ ಕುರ್ಚಿ ಹಾಕಿಕೊಂಡು ತಾಳ ಹಿಡಿದರು. ರೂಪಕ ತಾಳ, ಆರು ಅಕ್ಷರ: ಮೊದಲು ಒಂದು ಘಾತ, ಒಂದು ಹುಸಿ, ಆಮೇಲೆ ಘಾತ, ಮೂರು ಬೆರಳು. ಗೀತೆ ಶುರುವಾಯಿತು. ಘಾತ. ಅತ್ತೆ ಅಂಗೈ ಮೇಲಕ್ಕೆ ತಿರುಗಿಸಿದರು. ಇಡೀ ಬ್ಯಾಂಡ್ ಗಪ್ಪನೆ ನಿಂತಿತು. ಟ್ರಾಂಬೋನ್ ಒಂದು ಮಾತ್ರ ಮುಂದೆ ಹೋಯಿತು, ಆ ಹುಡುಗನಿಗೆ ತಲೆ ಎತ್ತಿ ನೋಡುವ ಅಭ್ಯಾಸವಿಲ್ಲ.

“ಯಾಕೋ ನಿಲ್ಲಿಸಿದ್ರಿ?”

“ಅಜ್ಜಿ, ನೀವೇ ಕಟ್ ಆಫ್ ಕೊಟ್ರಲ್ಲ!”

ಮತ್ತೆ ಶುರು. ಘಾತ, ಹುಸಿ, ಗಪ್. ಶಾಲೆಯಲ್ಲಿ ಕೈ ಹಾಗೆ ತಿರುಗಿದರೆ ಸಂಗೀತ ಮುಗಿಯಿತು ಎಂದರ್ಥ. ಅತ್ತೆಯ ಪ್ರಕಾರ ಆಗಷ್ಟೇ ಎರಡನೇ ಅಕ್ಷರ. ಅರವತ್ತು ವರ್ಷ ತಿರುಗಿಸಿದ ಕೈಯನ್ನು ಅವರು ತಿರುಗಿಸದೆ ಇರಲಾರರು, ಮಕ್ಕಳು ನಿಲ್ಲದೆ ಇರಲಾರರು. ಕೊನೆಗೆ ಅವರ ಕುರ್ಚಿಯನ್ನು ಬ್ಯಾಂಡಿನ ಹಿಂದಕ್ಕೆ ಹಾಕಿದೆವು, ಹಾಡುವ ಹುಡುಗಿಯರಿಗೆ ಮಾತ್ರ ಕಾಣುವ ಹಾಗೆ. ಬ್ಯಾಂಡಿಗೆ ಬಾಮೈದ ಕೋಲು ಬೀಸಿದ.

ರಾಜ್ಯೋತ್ಸವದ ದಿನ ಅಧ್ಯಕ್ಷರ ಭಾಷಣ, ಪ್ರಾಯೋಜಕರಿಗೆ ವಂದನೆ, ಮೈಕಿನ ಕೀರಲು, ಆಮೇಲೆ ನಮ್ಮವರು. ಎರಡು ನಿಮಿಷದೊಳಗೆ ಗೀತೆ ಮುಗಿದೇಹೋಯಿತು, ಚೆನ್ನಾಗಿಯೇ ಬಂತು. ಪ್ರತಿ ತಂದೆಯೂ ತನ್ನ ಮಗುವನ್ನಷ್ಟೇ ವಿಡಿಯೊ ಮಾಡಿಕೊಂಡಿದ್ದರಿಂದ ಪೂರ್ತಿ ಆರ್ಕೆಸ್ಟ್ರಾದ ದಾಖಲೆ ಎಲ್ಲೂ ಇಲ್ಲ.

ಬಿಸಿಬೇಳೆಬಾತಿನ ಸಾಲಿನಲ್ಲಿ ನಾಲ್ಕಾರು ಜನ ಬಾಮೈದನನ್ನು ಸುತ್ತಿಕೊಂಡು ಪಿಡಿಎಫ್ ಕೇಳಿದರು. ಅವನು ಕಳಿಸುವವನೇ ಇದ್ದ, ಮಾವ ತಡೆದರು. ತಯಾರಾದದ್ದನ್ನು ತಗೊಂಡರೆ ಏನು ಕಲಿತ ಹಾಗಾಯಿತು? ಟ್ರಾಂಬೋನ್ ಹುಡುಗನ ಅಪ್ಪ, ಅರ್ವೈನ್‌ನವರು, ನಾನೇ ಮಾಡಿ ನೋಡ್ತೀನಿ ಸಾರ್ ಎಂದು ಬಾಯಿಬಿಟ್ಟರು. ಮಾವ ಕಾರಿನ ಡಿಕ್ಕಿಯಿಂದ ಪುಸ್ತಕ ತೆಗೆಸಿ, ಸಿಡಿ ಲಕೋಟೆಯ ಮೇಲೆ ವಾಪಸು ಕೊಡಬೇಕಾದ ತಾರೀಕು ಬರೆದು, ಮುನ್ನುಡಿ ಬಿಡಬೇಡಿ ಎಂದು ಹೇಳಿ ಕೊಟ್ಟರು. ಅವರ ಮನೆಯ ಕಂಪ್ಯೂಟರಿನಲ್ಲಿ ಇರುವುದು ಡೊರಿಕೊ. ಅದರಲ್ಲಿ ಕ್ವಾರ್ಟರ್ ನೋಟಿಗೆ ಒತ್ತಬೇಕಾದ್ದು ಆರು.