ತಡವರಿಸುವ ವಿಡಿಯೋ: ಒಂದು ಸಿಂಹಾವಲೋಕನ

ಮನೆಯ ಕಂಪ್ಯೂಟರಿನಲ್ಲಿ ಮದುವೆಯ ವಿಡಿಯೋ ನಡುವೆಯೇ ನಿಂತರೆ ಕಾರಣವನ್ನು ಕಂಪ್ಯೂಟರಿನೊಳಗೆ ಹುಡುಕುವುದು ಲೋಕರೂಢಿ. ರೂಢಿಯಷ್ಟೇ, ಶಾಸ್ತ್ರವಲ್ಲ. ಮುಧೋಳದ ರನ್ನನನ್ನು ಓದದೆ ವಿಡಿಯೋ ರಿಪೇರಿಗೆ ಕೈಹಾಕುವುದು ಪಂಚಾಂಗ ನೋಡದೆ ಮುಹೂರ್ತ ಇಟ್ಟಂತೆ ಎಂಬುದು ಈ ಪ್ರಬಂಧದ ಪ್ರತಿಜ್ಞೆ. ಪ್ರಮಾಣ ಕೈಯಲ್ಲೇ ಇದೆ. ಪಂಪ ಭಾರತದ ಕಥೆಗೆ 14 ಆಶ್ವಾಸ ತೆಗೆದುಕೊಂಡ. ರನ್ನ ಕೊನೆಯ ಗದೆಯ ಕಾಳಗವೊಂದನ್ನೇ ಹಿಡಿದು, ಮಿಕ್ಕದ್ದನ್ನು ಪಾತ್ರಗಳ ಹಿನ್ನೋಟದಲ್ಲಿ ತಂದು, 'ಗದಾಯುದ್ಧ'ವನ್ನು 10 ಆಶ್ವಾಸಕ್ಕೆ ಮುಗಿಸಿದ. ಪಂಡಿತರು ಇದನ್ನು ಸಿಂಹಾವಲೋಕನ ಕ್ರಮ ಎನ್ನುತ್ತಾರೆ. 2003ರಲ್ಲಿ ಬಂದ ಎಚ್.264 ಎಂಬ ವಿಡಿಯೋ ಸಂಕೋಚನ ವಿಧಾನ ಮಾಡುವುದೂ ಇದನ್ನೇ. ಎಲ್ಲೋ ಒಂದು ಚಿತ್ರವನ್ನು ಪೂರ್ತಿ ಇಟ್ಟುಕೊಂಡು, ಮುಂದಿನವುಗಳಲ್ಲಿ ಬದಲಾದಷ್ಟನ್ನು ಮಾತ್ರ ಬರೆದು, ಉಳಿದದ್ದಕ್ಕೆ 'ಹಿಂದೆ ನೋಡಿಕೋ' ಎನ್ನುತ್ತದೆ. ಮಂಟಪ ಅಲುಗಾಡದು, ಮತ್ತೆ ಬರೆಯಬೇಕಿಲ್ಲ. ಅಕ್ಕಿಕಾಳು ಹಾರಿದವು, ಅಷ್ಟು ಬರೆದರೆ ಸಾಕು. ಮುಧೋಳಕ್ಕೆ ಇದರ ರಾಯಧನ ಇನ್ನೂ ಬಂದಿಲ್ಲ.

ರನ್ನನ ಕಾಲದಲ್ಲಿ ಕರೆಂಟೇ ಇರಲಿಲ್ಲವಲ್ಲ ಎಂಬ ಪೂರ್ವಪಕ್ಷ ನಿಲ್ಲದು. ಈಗಲೂ ಅದು ಇದ್ದಾಗ ಮಾತ್ರ ಇರುತ್ತದೆ. ಗಟ್ಟಿಯಾದ ಆಕ್ಷೇಪ ಬೇರೆ: ಹಿನ್ನೋಟದ ವಿಧಾನ ಅಷ್ಟು ಚೆಂದವಿದ್ದರೆ ಚಿತ್ರ ಒಮ್ಮೆಲೇ ಹಸಿರು ಚೌಕಗಳಾಗಿ ಒಡೆದು, ಮದುಮಗನ ಮೂಗು ಬೀಗರ ಪಟಗಕ್ಕೆ ಅಂಟಿಕೊಂಡು ಅತ್ತಿಂದಿತ್ತ ಹರಿದಾಡುವುದೇಕೆ? ಉತ್ತರ ರಬಕವಿ-ಬನಹಟ್ಟಿಯ ಮಗ್ಗದಲ್ಲಿದೆ. ಹೊಕ್ಕಿನ ಎಳೆ ಹರಿದರೆ ಆ ಒಂದು ಸಾಲು ಕೆಟ್ಟೀತು. ಹಾಸಿನ ಎಳೆ ಹರಿದದ್ದನ್ನು ಗಮನಿಸದೆ ನೇಯುತ್ತ ಹೋದರೆ, ಗಂಟು ಹಾಕುವ ತನಕ ಸೀರೆಯುದ್ದಕ್ಕೂ ಗೀರು. ಪೂರ್ತಿ ಚಿತ್ರವೇ ಹಾಸು. ಪೆನ್‌ಡ್ರೈವ್‌ನಿಂದ ಕಾಪಿ ಆಗುವಾಗ ಅದು ಕೆಟ್ಟಿದ್ದರೆ, ಮುಂದಿನ ಪೂರ್ತಿ ಚಿತ್ರ ಬರುವವರೆಗೆ ಬೀಗರಿಗೆ ಎರಡು ಮೂಗು. ಮೂಲದಿಂದ ಮತ್ತೊಮ್ಮೆ ಕಾಪಿ ಮಾಡಿಕೊಳ್ಳುವುದೇ ಗಂಟು. ನೇಕಾರರಿಗೂ ಕಂಪ್ಯೂಟರಿಗೂ ಏನು ನಂಟು ಎನ್ನುವವರು ವಂಶಾವಳಿ ನೋಡಬೇಕು: ಜಕಾರ್ಡ್ ಮಗ್ಗದ ತೂತಿನ ಕಾರ್ಡುಗಳನ್ನೇ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರದ ಯೋಜನೆಗೆ ಎರವಲು ತಂದ. ಮಗ್ಗ ಕಂಪ್ಯೂಟರಿನ ದೊಡ್ಡಪ್ಪ.

ಇನ್ನು ಪುನರ್ಜನ್ಮವಾದಿಗಳು. 'ಬಂದ್ ಮಾಡಿ ಚಾಲೂ ಮಾಡ್ರಿ' ಎಂಬ ಇವರ ಏಕಸೂತ್ರ ದರ್ಶನ ಪಟವರ್ಧನರ ಸಂಸ್ಥಾನವಿದ್ದ ಜಮಖಂಡಿಯಿಂದ ಹಿಡಿದು ಎಲ್ಲೆಡೆ ಬೇರುಬಿಟ್ಟಿದೆ. ಸತ್ಯಾಂಶವಿಲ್ಲದಿಲ್ಲ, ಮೆಮೊರಿ ಖಾಲಿಯಾಗುತ್ತದೆ, ಕಚ್ಚಿಕೊಂಡಿದ್ದ ಡ್ರೈವರ್ ಬಿಟ್ಟುಕೊಳ್ಳುತ್ತದೆ. ಆದರೆ ಕರ್ಮ ಫೈಲಿನಲ್ಲೇ ಇದ್ದರೆ ಎಷ್ಟು ಜನ್ಮ ಎತ್ತಿದರೇನು? ಹೊಸ ಫೋನಿನ ವಿಡಿಯೋ 2013ರ ಎಚ್.265ರಲ್ಲಿದ್ದು, ಹಳೆಯ ಕಂಪ್ಯೂಟರಿಗೆ ಆ ಭಾಷೆ ಬಾರದಿದ್ದರೆ ಓಲಗ ಕೇಳುತ್ತದೆ, ಪರದೆ ಕಪ್ಪು. ಆಗ ಪ್ರೊಸೆಸರ್ ವೇಗ ಹೊಗಳುವವರು ಮುಧೋಳದ ನಾಯಿಯನ್ನು ನೆನೆಯಲಿ. ಅದು ಮೂಸಿ ಅಲ್ಲ, ನೋಡಿ ಬೇಟೆಯಾಡುವ ತಳಿ. ಮೊಲ ಕಾಣದಿದ್ದರೆ ಆ ಕಾಲುಗಳಿಂದ ಉಪಯೋಗವಿಲ್ಲ. ಫೈಲಿನ ಬಾಲ ಬದಲಿಸಿ ಎಂಪಿ4 ಎಂದು ಹೆಸರಿಡುವುದಂತೂ ಡಬ್ಬಿಯ ಚೀಟಿ ಬದಲಿಸಿದ ಹಾಗೆ. ಒಳಗಿನ ಸೀರೆ ಅದೇ. ಡಿಕೋಡರುಗಳ ಬುತ್ತಿ ತಾನೇ ಕಟ್ಟಿಕೊಂಡು ಬರುವ ವಿಎಲ್‌ಸಿಯಂಥ ಪ್ಲೇಯರ್ ಹಾಕುವುದು ವಿವೇಕ.

ಇಂಟರ್ನೆಟ್ಟಿನ ವಿಡಿಯೋದಲ್ಲಿ ತಿರುಗುವ ಚಕ್ರವನ್ನು ಬೀಳಗಿ ತಾಲ್ಲೂಕಿನವರಿಗೆ ವಿವರಿಸಬೇಕಿಲ್ಲ. ಆಲಮಟ್ಟಿಯ ಹಿನ್ನೀರು ಕಂಡವರು ಅವರು: ಒಳಹರಿವು ಕಡಿಮೆ, ಹೊರಹರಿವು ಹೆಚ್ಚು, ಸಂಗ್ರಹ ತಳಕ್ಕೆ. ಗುಣಮಟ್ಟ ಇಳಿಸಿದರೆ ಹೊರಹರಿವು ತಗ್ಗುತ್ತದೆ.

ಉಳಿದದ್ದು ಧ್ವನಿಯ ಪ್ರಶ್ನೆ. 'ಸಾವಧಾನ' ಕೇಳಿಸಿ ಒಂದು ಸೆಕೆಂಡಿನ ಮೇಲೆ ಭಟ್ಟರ ಬಾಯಿ ತೆರೆಯುವುದನ್ನು ಕೆಲವರು ವಾಕ್‌ಸಿದ್ಧಿ ಎಂದುಕೊಂಡಾರು. ವಿಎಲ್‌ಸಿಯಲ್ಲಿ ಕೆ ಕೀಯನ್ನು ಒಮ್ಮೆ ಒತ್ತಿದರೆ ಧ್ವನಿ 50 ಮಿಲಿಸೆಕೆಂಡ್ ತಡವಾಗುತ್ತದೆ; 20 ಸಲ ಒತ್ತಿದರೆ ಸಿದ್ಧಿ ಇಳಿಯುತ್ತದೆ. ಆ ಖುಷಿಗೆ ಅಕ್ಕಿಕಾಳು ಬೀಳುವ ಕ್ಷಣವನ್ನು ಮತ್ತೆ ನೋಡಲೆಂದು ಸ್ಲೈಡರ್ ಹಿಂದೆ ಎಳೆದವರು ಗಾಬರಿಯಾಗಬಾರದು. ಎಷ್ಟೋ ಸಲ ವಿಡಿಯೋ ಎಳೆದ ಜಾಗದಲ್ಲಿ ನಿಲ್ಲದೆ, ಅದಕ್ಕೂ ಹಿಂದೆ ಪೂರ್ತಿ ಚಿತ್ರ ಎಲ್ಲಿದೆಯೋ ಅಲ್ಲಿಗೆ ಜಾರುತ್ತದೆ. ಮೌಸ್ ಕುಟ್ಟಿ ಪ್ರಯೋಜನವಿಲ್ಲ, ಸಿಂಹ ಕಾಲೂರಲು ಗಟ್ಟಿ ನೆಲ ಬೇಡವೇ? ಮದುವೆಯಾಗಿ ಎರಡು ಮಕ್ಕಳಾದ ದಂಪತಿಯಾದರೂ ಅಂತರಪಟದ ಆಚೀಚೆ ಮತ್ತೆ ನಿಂತು, ಭಟ್ಟರ ಬಾಯಿ ನೋಡುತ್ತ ಕಾಯಬೇಕು.