ನಾಲ್ಕು ಬಾಗಿಲ ಕಛೇರಿ

ಕಾರಿನೊಳಗೆ ಕುಳಿತು ಸಂಗೀತ ಕೇಳಬೇಕೆಂಬ ಬಯಕೆಯೂ ಕಾರಿನೊಳಗಿನ ಸಂಗೀತ ವ್ಯವಸ್ಥೆಯನ್ನು ಸುಧಾರಿಸಬೇಕೆಂಬ ಬಯಕೆಯೂ ಬೇರೆ ಬೇರೆ ಪ್ರವೃತ್ತಿಗಳೆಂಬುದನ್ನು ಈ ವಿಷಯದ ಅಧ್ಯಯನಕ್ಕೆ ಇಳಿಯುವವರು ಮೊದಲಿಗೇ ಮನಗಾಣಬೇಕಾಗುತ್ತದೆ. ಮೊದಲನೆಯ ಬಯಕೆ, ಕಾರಿನ ಜೊತೆಯಲ್ಲೇ ಬರುವ, ರೂಢಿಯಲ್ಲಿ ‘ಕಂಪನಿ ಸೆಟ್’ ಎನಿಸಿಕೊಳ್ಳುವ ಉಪಕರಣದಿಂದ ತಣಿಯುತ್ತದೆ. ಎರಡನೆಯದು ಯಾವುದರಿಂದಲಾದರೂ ತಣಿದ ನಿದರ್ಶನ ಇದುವರೆಗೆ ಕಂಡುಬಂದಿಲ್ಲ. ಪ್ರಸ್ತುತ ಪ್ರಬಂಧವು ಈ ಎರಡನೆಯ ಬಯಕೆಗೆ ವಶನಾದ, ಬೆಂಗಳೂರಿನ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ರಜಾದಿನಗಳಂದು ಕಾಣಸಿಗುವ, ನಡುವಯಸ್ಸಿನ, ಸಾಲದ ಕಂತು ತೀರಿದ ಸಣ್ಣ ಕಾರೊಂದರ ಒಡೆಯನಾದ ಹವ್ಯಾಸಿಯನ್ನು ಕುರಿತದ್ದು. ಆತನ ಚರ್ಯೆಗಳ ಸೂಕ್ಷ್ಮ ವಿವರಗಳು ಪ್ರಬಂಧಕಾರರಿಗೆ ಇಷ್ಟು ಹತ್ತಿರದಿಂದ ತಿಳಿದುಬಂದದ್ದು ಹೇಗೆಂಬ ಪ್ರಶ್ನೆಯನ್ನು ಶಾಸ್ತ್ರೀಯ ಬರವಣಿಗೆಯ ಮರ್ಯಾದೆಗಾಗಿ ಓದುಗರು ಎತ್ತದಿರುವುದು ಲೇಸು.

ಹವ್ಯಾಸದ ಪೂರ್ವೇತಿಹಾಸ ಸಾಕಷ್ಟು ಘನವಾದದ್ದೇ. 1930ರಲ್ಲಿ ಅಮೆರಿಕದ ಪಾಲ್ ಗ್ಯಾಲ್ವಿನ್ ಎಂಬ ಉದ್ಯಮಿ ತಮ್ಮ ಸ್ಟೂಡಿಬೇಕರ್ ಕಾರಿಗೆ ರೇಡಿಯೊ ಅಳವಡಿಸಿಕೊಂಡು, ಅಟ್ಲಾಂಟಿಕ್ ಸಿಟಿಯಲ್ಲಿ ನಡೆಯುತ್ತಿದ್ದ ರೇಡಿಯೊ ತಯಾರಕರ ಸಮಾವೇಶಕ್ಕೆ ಹೋಗಿ, ಒಳಗೆ ಮಳಿಗೆ ಇಲ್ಲದ ಕಾರಣ ಹೊರಗೇ ಕಾರು ನಿಲ್ಲಿಸಿ ಶಬ್ದವನ್ನು ಏರಿಸಿದರು. ಆ ರೇಡಿಯೊಗೆ ಇಟ್ಟ ಮೋಟೊರೋಲ ಎಂಬ ಹೆಸರೇ ಮುಂದೆ ಅವರ ಕಂಪನಿಯ ಹೆಸರಾಯಿತು. ನಿಂತ ಕಾರಿನಲ್ಲಿ ಶಬ್ದ ಏರಿಸಿ ದಾರಿಹೋಕರನ್ನು ತಡೆದು ನಿಲ್ಲಿಸುವ ಈಗಿನ ಪದ್ಧತಿ ಹೀಗೆ ಮೂಲಪುರುಷರಿಂದಲೇ ಬಂದದ್ದು. 1956ರಲ್ಲಿ ಕ್ರೈಸ್ಲರ್ ಕಂಪನಿಯು ಚಲಿಸುವ ಕಾರಿನಲ್ಲಿ ಗ್ರಾಮಫೋನ್ ತಟ್ಟೆ ತಿರುಗಿಸುವ, ನಿಮಿಷಕ್ಕೆ ಹದಿನಾರು ಮುಕ್ಕಾಲಿಗೂ ತುಸು ಕಡಿಮೆ ಸುತ್ತು ಹಾಕುವ ಯಂತ್ರವೊಂದನ್ನು ಹೊರತಂದಿತು. ಆ ಯಂತ್ರ ಬೆಂಗಳೂರಿಗೆ ಬಂದು ಹೊರವರ್ತುಲ ರಸ್ತೆಯ ಒಂದೇ ಒಂದು ಹಂಪು ದಾಟಿದ್ದರೂ ಪಲ್ಲವಿಯಿಂದ ನೇರವಾಗಿ ಮಂಗಳಕ್ಕೆ ಜಿಗಿಯುತ್ತಿತ್ತೆಂದು ಊಹಿಸಲು ಅಡ್ಡಿಯಿಲ್ಲ. ಕ್ಯಾಸೆಟ್ಟು, ಸಿ.ಡಿ., ಪೆನ್‌ಡ್ರೈವುಗಳ ಕಾಲವನ್ನು ಓದುಗರು ಸ್ವತಃ ಬಲ್ಲವರಾದ್ದರಿಂದ ಇಲ್ಲಿ ವಿಸ್ತರಿಸಿಲ್ಲ.

ಹವ್ಯಾಸಿಯ ದೀಕ್ಷೆ ಸಾಮಾನ್ಯವಾಗಿ ಜೆ.ಸಿ. ರಸ್ತೆಯಲ್ಲಿ ನಡೆಯುತ್ತದೆ. ಕಾರಿನ ಬಿಡಿಭಾಗ ಮತ್ತು ಅಲಂಕಾರ ಸಾಮಗ್ರಿಗಳಿಗೆ ಹೆಸರಾದ ಈ ರಸ್ತೆಯಲ್ಲಿ ‘ಕಪ್ಲರ್ ಟು ಕಪ್ಲರ್ ಸಾರ್, ಒಂದ್ ವೈರೂ ಕಟ್ ಮಾಡಲ್ಲ’ ಎಂಬ ಮಂತ್ರ ಪ್ರತಿ ಅಂಗಡಿಯ ಬಾಗಿಲಲ್ಲೂ ಕೇಳಿಬರುತ್ತದೆ. ಕಪ್ಲರ್ ಎಂದರೆ ಕಾರಿನ ವೈರುಗಳ ಗೊಂಚಲಿಗೆ ಕತ್ತರಿ ತಾಗಿಸದೆ ಹೊಸ ಉಪಕರಣವನ್ನು ಚುಚ್ಚಿ ಕೂಡಿಸಲು ನೆರವಾಗುವ ಪ್ಲಾಸ್ಟಿಕ್ ಜೋಡಣೆ, ಕತ್ತರಿ ತಾಗಿದರೆ ಕಾರಿನ ವಾರಂಟಿಗೇ ಕುತ್ತು ಬರುವುದರಿಂದ ಮಂತ್ರಕ್ಕೆ ಇಷ್ಟು ಮಹತ್ವ. ಹಳದಿ ವೈರು ಬ್ಯಾಟರಿಯಿಂದ ಸದಾ ವಿದ್ಯುತ್ ತರುವುದು, ಕೆಂಪು ಕೀಲಿ ತಿರುಗಿಸಿದಾಗ ಮಾತ್ರ ತರುವುದು, ಕಪ್ಪು ಅರ್ಥಿಂಗಿನದು, ಬಿಳಿ ಮತ್ತು ಬೂದು ಮುಂದಿನ ಎಡಬಲ ಸ್ಪೀಕರುಗಳದು, ಹಸಿರು ಮತ್ತು ನೇರಳೆ ಹಿಂದಿನವುಗಳದು ಎಂಬ ವರ್ಣವ್ಯವಸ್ಥೆಯನ್ನು ಹವ್ಯಾಸಿಯು ಮಗ್ಗಿಯಂತೆ ಬಾಯಿಪಾಠ ಮಾಡಿರುತ್ತಾನೆ. ಮದುವೆಯ ತಾರೀಖಿನ ವಿಷಯದಲ್ಲಿ ಅದೇ ನೆನಪಿನ ಶಕ್ತಿ ಆತನಿಗೆ ಒದಗಿಬರುವುದಿಲ್ಲ.

ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ವ್ಯಾಟುಗಳ ಲೆಕ್ಕ ಇನ್ನೊಂದು ಪಾಠ. ‘50 ವ್ಯಾಟ್, ನಾಲ್ಕು ಚಾನೆಲ್’ ಎಂದು ದಪ್ಪಕ್ಷರದಲ್ಲಿ ಬರೆದಿರುವುದು ಕ್ಷಣಮಾತ್ರ ತಲುಪಬಹುದಾದ ತುತ್ತತುದಿ; ಎಡೆಬಿಡದೆ ಕೊಡಬಲ್ಲ ನಿಜವಾದ ಬಲವನ್ನು ಆರ್.ಎಂ.ಎಸ್. ಎನ್ನುತ್ತಾರೆ, ಮತ್ತು ಓಡುವ ಕಾರಿನಲ್ಲಿ ಸಿಗುವ ಸುಮಾರು 14 ವೋಲ್ಟಿನಲ್ಲಿ 4 ಓಮ್‌ನ ಸ್ಪೀಕರಿಗೆ ವಿರೂಪವಿಲ್ಲದೆ ಕೊಡಬಹುದಾದದ್ದು, ಗಣಿತದ ಪ್ರಕಾರವೇ, 25 ವ್ಯಾಟಿನ ಆಸುಪಾಸು. ಅದಕ್ಕಿಂತ ಹೆಚ್ಚು ಬೇಕಿದ್ದರೆ ಆಂಪ್ಲಿಫೈಯರ್ ಎಂಬ ಪ್ರತ್ಯೇಕ ಬಲವರ್ಧಕವನ್ನು ಕೊಳ್ಳಬೇಕು, ಅದಕ್ಕೆ ಬ್ಯಾಟರಿಯಿಂದ ಬೆರಳುಗಾತ್ರದ ಕೇಬಲ್ ಎಳೆಯಬೇಕು, ಕೇಬಲ್ಲಿಗೆ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಹಾಕಬೇಕು. ಇಷ್ಟೆಲ್ಲ ಮಾಡಿ ಬಲವನ್ನು ಇಮ್ಮಡಿಗೊಳಿಸಿದರೆ ಶಬ್ದ ಏರುವುದು ಬರೇ 3 ಡೆಸಿಬೆಲ್. ಕಿವಿಗೆ ಎರಡರಷ್ಟು ಅನ್ನಿಸಬೇಕಾದರೆ ಸುಮಾರು ಹತ್ತರಷ್ಟು ಬಲ ಬೇಕು. ಖರ್ಚು ಮಾತ್ರ ಡೆಸಿಬೆಲ್ ಲೆಕ್ಕದಲ್ಲಿ ಏರುವುದಿಲ್ಲ.

ಇನ್ನು ಗಾಯಕನನ್ನು ಎಲ್ಲಿ ನಿಲ್ಲಿಸಬೇಕೆಂಬ ಪ್ರಶ್ನೆ. ಒಂದೇ ಧ್ವನಿ ಎರಡು ಕಡೆಯಿಂದ ತುಸು ಹಿಂದುಮುಂದಾಗಿ ಬಂದರೆ, ಯಾವ ಕಡೆಯಿಂದ ಮೊದಲು ಬಂದಿತೋ ಅಲ್ಲಿಂದಲೇ ಬರುತ್ತಿದೆಯೆಂದು ಕಿವಿ ತೀರ್ಮಾನಿಸುತ್ತದೆ. 1949ರಲ್ಲಿ ಹೆಲ್ಮುಟ್ ಹಾಸ್ ಇದನ್ನು ವಿವರವಾಗಿ ನಿರೂಪಿಸಿದ್ದರಿಂದ ಇದಕ್ಕೆ ಹಾಸ್ ಪರಿಣಾಮವೆಂಬ ಹೆಸರೂ ಇದೆ. ನಮ್ಮ ದೇಶದಲ್ಲಿ ಚಾಲಕ ಬಲಕ್ಕೆ ಕೂರುವುದರಿಂದ ಬಲಬಾಗಿಲಿನ ಸ್ಪೀಕರ್ ಆತನಿಗೆ ಹತ್ತಿರ, ಆದ್ದರಿಂದ ಗಾಯಕ ಆತನ ಬಲ ಮೊಣಕಾಲಿನ ಬಳಿ ಕುಳಿತೇ ಹಾಡಬೇಕಾಗುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುವುದರಿಂದ 40 ಸೆಂಟಿಮೀಟರ್ ಅಂತರಕ್ಕೆ ಬಲಗಡೆಯ ಧ್ವನಿಯನ್ನು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ಕೊಂಚ ಹೆಚ್ಚು ತಡಮಾಡಿ ಬಿಟ್ಟರೆ, ಗಾಯಕ ಎದ್ದುಬಂದು ಡ್ಯಾಶ್‌ಬೋರ್ಡಿನ ನಟ್ಟನಡುವೆ ನಿಲ್ಲುತ್ತಾನೆ. ಈ ಕಾರ್ಯಕ್ಕೆಂದೇ ಡಿ.ಎಸ್.ಪಿ. ಎಂಬ ದುಬಾರಿ ಧ್ವನಿ ಸಂಸ್ಕಾರಕವಿದೆ. ಚಾಲಕನ ಅನುಕೂಲಕ್ಕಾಗಿ ಹೀಗೆ ಸರಿಪಡಿಸಿದ ಕೂಡಲೇ ಎಡಕ್ಕೆ ಕುಳಿತ ಪತ್ನಿಯ ಪಾಲಿಗೆ ಅದೇ ಗಾಯಕ ಕಿಟಕಿಯಾಚೆಗೆ ದಬ್ಬಿಸಿಕೊಂಡು ಪಕ್ಕದ ಕನ್ನಡಿಗೆ ಜೋತುಬಿದ್ದು ಹಾಡುತ್ತಾನೆಂಬುದನ್ನು ಹವ್ಯಾಸಿ ಮನೆಯಲ್ಲಿ ಬಾಯಿಬಿಡುವುದಿಲ್ಲ. ಇಷ್ಟಾಗಿ ಈ ವ್ಯವಸ್ಥೆಯಲ್ಲಿ ಹವ್ಯಾಸಿ ಮೊದಲು ಹಾಕುವುದು 1960ರ ದಶಕದ ಪಿ.ಬಿ. ಶ್ರೀನಿವಾಸರ ಹಾಡುಗಳನ್ನು, ಅವು ಎಡಬಲಗಳ ಭೇದವೇ ಇಲ್ಲದ ಮೊನೊ ಧ್ವನಿಮುದ್ರಣಗಳು. ಡ್ಯಾಶ್‌ಬೋರ್ಡಿನ ನಡುವೆ ಒಂದು ಸಣ್ಣ ಟ್ರಾನ್ಸಿಸ್ಟರ್ ಇಟ್ಟಿದ್ದರೂ ಶ್ರೀನಿವಾಸರು ಅಲ್ಲೇ ನಿಂತು ಹಾಡುತ್ತಿದ್ದರೆಂದು ವಿಮರ್ಶಕರು ಹೇಳಬಹುದು. ಅಂಥ ವಿಮರ್ಶಕರನ್ನು ಹವ್ಯಾಸಿ ಕಾರಿಗೆ ಹತ್ತಿಸಿಕೊಳ್ಳುವುದಿಲ್ಲ.

ಸೀಟಿನ ಕೆಳಗೆ ಸಬ್‌ವೂಫರ್, ಅಂದರೆ ಅತಿ ತಗ್ಗಿನ ಸ್ವರಗಳಿಗಾಗಿಯೇ ಇರುವ ಸ್ಪೀಕರ್, ಬಂದ ದಿನದಿಂದ ಹವ್ಯಾಸದ ನಿಜವಾದ ಪರ್ವ ಆರಂಭವಾಗುತ್ತದೆ. ಪ್ರತಿಯೊಂದು ವಸ್ತುವಿಗೂ ತನಗೊಪ್ಪುವ ಒಂದು ಕಂಪನಸಂಖ್ಯೆಯಿದ್ದು, ಹೊರಗಿನಿಂದ ಅದೇ ಸಂಖ್ಯೆಯ ಕಂಪನ ಬಂದೊಡನೆ ಆ ವಸ್ತು ತಾನೂ ಜೋರಾಗಿ ಅದುರತೊಡಗುವ ವಿದ್ಯಮಾನಕ್ಕೆ ಅನುರಣನೆ ಎಂದು ಹೆಸರು. ಸೆಕೆಂಡಿಗೆ ಒಂದು ಕಂಪನವಾದರೆ ಅದು ಒಂದು ಹರ್ಟ್ಸ್. ಕಾರೆಂಬುದು ಸಡಿಲವಾದ ಸಾವಿರಾರು ವಸ್ತುಗಳ ಒಕ್ಕೂಟವಾದ್ದರಿಂದ, ಹಾಡು ಹಾಕಿದಾಗ ಎಲ್ಲಿಯೋ ಒಂದು ಕಡೆ ‘ಕಿರ್ರ್’ ಎನ್ನುತ್ತದೆ. ಎಲ್ಲಿ ಎನ್ನುವುದನ್ನು ಪತ್ತೆಮಾಡುವ ಶಾಸ್ತ್ರೀಯ ಕ್ರಮವೇನೆಂದರೆ, 20 ಹರ್ಟ್ಸಿನಿಂದ 200 ಹರ್ಟ್ಸಿನವರೆಗೆ ನಿಧಾನವಾಗಿ ಏರುತ್ತ ಹೋಗುವ ಶುದ್ಧ ನಾದವೊಂದನ್ನು ಮೊಬೈಲಿನಿಂದ ನುಡಿಸಿ, ಅದುರಿದ ಕಡೆ ಕೈಯಿಟ್ಟು ಒತ್ತುವುದು. ಕೈಗಳು ಎರಡೇ ಇರುವುದರಿಂದ ಕುಟುಂಬದ ಸಹಕಾರ ಅನಿವಾರ್ಯವಾಗುತ್ತದೆ.

ಭಾನುವಾರ ಬೆಳಗಿನ ಅಂಥ ಒಂದು ಪ್ರಯೋಗದಲ್ಲಿ ಪತ್ನಿ ಹಿಂದಿನ ಸೀಟಿನಲ್ಲಿ ಕುಳಿತು ಎರಡೂ ಅಂಗೈಗಳಿಂದ ಬಾಗಿಲಿನ ಪ್ಯಾಡನ್ನು ಒತ್ತಿ ಹಿಡಿದಿದ್ದರು, ಮಗಳು ಟಾರ್ಚ್ ಹಿಡಿದು ಡಿಕ್ಕಿಯೊಳಗೆ ಅರ್ಧ ಹೊಕ್ಕಿದ್ದಳು, ಹವ್ಯಾಸಿ ಮುಂದಿನ ಸೀಟಿನಲ್ಲಿ ಕಿವಿಯನ್ನು ಡ್ಯಾಶ್‌ಬೋರ್ಡಿಗೆ ಆನಿಸಿ ಕಣ್ಣು ಮುಚ್ಚಿದ್ದನು. 38 ಹರ್ಟ್ಸಿನಲ್ಲಿ ನಂಬರ್ ಪ್ಲೇಟು ಮಾತಾಡಿತು. ಅದಕ್ಕೆ ಸ್ಪಂಜಿನ ತುಣುಕು ಸಿಕ್ಕಿಸಲಾಯಿತು. 47ರಲ್ಲಿ ಬಿಸಿಲು ಮರೆಯ ಕ್ಲಿಪ್ಪು, 52ರಲ್ಲಿ ಗ್ಲವ್ ಬಾಕ್ಸಿನೊಳಗಿನ ಟೋಲ್‌ಗೇಟಿನಲ್ಲಿ ನಗದು ಕೊಡುತ್ತಿದ್ದ ಕಾಲದ ಚಿಲ್ಲರೆ. ‘ರೀ, ಇನ್ನೂ ಎಷ್ಟ್ ಹೊತ್ತು ಹೀಗೇ ಒತ್ಕೊಂಡಿರ್ಬೇಕು? ಹುಳಿಗೆ ಇಟ್ಟ ಬೇಳೆ ಮೂರು ವಿಷಲ್ ಕೂಗಿರುತ್ತೆ’ ಎಂದು ಪತ್ನಿ ಕೇಳಿದ್ದಕ್ಕೆ ‘ವಿಷಲ್ ಬಿಡು, ಅದು ಹೈ ಫ್ರೀಕ್ವೆನ್ಸಿ’ ಎಂಬ ಉತ್ತರ ಬಂದಿತು. ಅಷ್ಟರಲ್ಲಿ ಸೆಕ್ಯುರಿಟಿಯವರು ಇಳಿದು ಬಂದು, ‘ಸಾರ್, ಸಂಪ್ ಮೋಟರ್ ಯಾರು ಹಾಕಿದ್ದು ಅಂತ ಮೇಲಿನ ಮನೆಯವ್ರು ಕೇಳ್ತಿದಾರೆ’ ಎಂದರು. ಮೋಟರ್ ಯಾರೂ ಹಾಕಿಲ್ಲವೆಂದು ಹವ್ಯಾಸಿ ಸತ್ಯವನ್ನೇ ನುಡಿದನು. ಅವರು ಹೋಗಿ ಆರಿಸಲೆಂದು ಮೋಟರಿನ ಸ್ವಿಚ್ಚು ಒತ್ತಿ, ಆರಿದ್ದ ಮೋಟರು ಚಾಲೂ ಆಗಿ, ಟ್ಯಾಂಕು ತುಂಬಿ ಹರಿಯಿತು ಎಂಬುದು ಬೇರೆಯ ಅಧ್ಯಾಯ.

63 ಹರ್ಟ್ಸಿನಲ್ಲಿ ಅದುರಿದ್ದು ಗಣಪತಿ. ಇಡಗುಂಜಿಯಿಂದ ತಂದು, ಎರಡೂ ಬದಿ ಅಂಟುವ ಟೇಪಿನಿಂದ ಡ್ಯಾಶ್‌ಬೋರ್ಡಿನ ಮೇಲೆ ಪ್ರತಿಷ್ಠಾಪಿಸಿದ್ದ ಹಿತ್ತಾಳೆಯ ಆ ಪುಟ್ಟ ಮೂರ್ತಿ 62ರಲ್ಲಿ ಸ್ಥಿರವಾಗಿದ್ದು, 64ರಲ್ಲೂ ಸ್ಥಿರವಾಗಿದ್ದು, ನಡುವಣ ಒಂದೇ ಒಂದು ಸ್ವರಕ್ಕೆ ಸೊಂಡಿಲು ಸಮೇತ ಅಸ್ತು ಅಸ್ತು ಎಂದು ತಲೆದೂಗುತ್ತಿತ್ತು. ಹವ್ಯಾಸಿ ಹಿಂದಕ್ಕೆ ಹೋಗಿ ಮತ್ತೆ 60ರಿಂದ ನುಡಿಸಿದನು. ದೇವರು ಮತ್ತೆ ಸರಿಯಾದ ಜಾಗದಲ್ಲೇ ಒಪ್ಪಿಗೆ ಕೊಟ್ಟರು. ಮಗಳು ಡಿಕ್ಕಿಯಿಂದ ಎದ್ದುಬಂದು, ಈಕ್ವಲೈಸರಿನಲ್ಲಿ, ಅಂದರೆ ಸ್ವರಗಳನ್ನು ಬೇರೆಬೇರೆಯಾಗಿ ಏರಿಸಿ ತಗ್ಗಿಸುವ ಸಾಧನದಲ್ಲಿ, 63ನ್ನು ಮಾತ್ರ ಕತ್ತರಿಸಿದರೆ ಸಾಕೆಂದು ಸೂಚಿಸಿದಳು. ದೇವರ ಸಲುವಾಗಿ ಸಂಗೀತದಿಂದ ಒಂದು ಸ್ವರವನ್ನು ಬಹಿಷ್ಕರಿಸುವುದೋ, ಸಂಗೀತದ ಸಲುವಾಗಿ ದೇವರನ್ನು ಸ್ಥಳಾಂತರಿಸುವುದೋ ಎಂಬ ಧರ್ಮಸೂಕ್ಷ್ಮ ಎದುರಾದಾಗ, ಹುಳಿಯ ಸುದ್ದಿ ಹೇಳಲು ಕೆಳಗಿಳಿದು ಬಂದ ಹವ್ಯಾಸಿಯ ತಾಯಿ ಪರಿಸ್ಥಿತಿಯನ್ನು ಅವಲೋಕಿಸಿ, ‘ಪ್ರತಿಷ್ಠೆ ಮಾಡಿದ್ ದೇವ್ರನ್ನ ಕಿತ್ತಿಡ್ಬಾರ್ದು ಕಣೋ. ಆ ಡಬ್ಬಾನ ತೆಗೆದುಬಿಡು’ ಎಂದು ಸಬ್‌ವೂಫರಿನ ಕಡೆ ಬೆರಳು ತೋರಿದರು. ಡಬ್ಬದ ಬೆಲೆ ಅವರಿಗೆ ತಿಳಿಸಿರಲಿಲ್ಲ. ತಿಳಿಸುವ ಮುಹೂರ್ತವೂ ಅದಾಗಿರಲಿಲ್ಲ. ಕೊನೆಗೆ ಬಾಗಿಲಿನ ತಗಡಿಗೆ ಅಂಟಿಸಿ ಉಳಿದಿದ್ದ ಡ್ಯಾಂಪಿಂಗ್ ಹಾಳೆ, ಅಂದರೆ ಒಂದು ಬದಿ ಜಿಗುಟು ಬ್ಯುಟೈಲ್ ರಬ್ಬರು ಇನ್ನೊಂದು ಬದಿ ಅಲ್ಯೂಮಿನಿಯಂ ಹೊದಿಕೆ ಇರುವ ಕಂಪನಹಾರಿ ಪಟ್ಟಿ, ನೆರವಿಗೆ ಬಂದಿತು. ಅದರಿಂದ ಒಂದು ಚೌಕ ಕತ್ತರಿಸಿ, ತಾಯಿಯೇ ಮೂರ್ತಿಯನ್ನು ಮೆಲ್ಲಗೆ ಎತ್ತಿ ಹಿಡಿದಿರಲು, ಅಡಿಗೆ ಅಂಟಿಸಿ ಮತ್ತೆ ಕೂಡಿಸಲಾಯಿತು. ಟಾರ್ಚಿನ ಬೆಳಕಿಗೆ ಹೊದಿಕೆ ಮಿನುಗಿದ್ದನ್ನು ಕಂಡು ತಾಯಿಯ ಮುಖ ಅರಳಿತು: ‘ಬೆಳ್ಳಿ ಪೀಠ ಮಾಡ್ಸಿದ್ಯಾ? ಹೇಳ್ಲೇ ಇಲ್ವಲ್ಲೋ!’ ಹವ್ಯಾಸಿ ಇದನ್ನು ನಿರಾಕರಿಸಲಿಲ್ಲ. ಅವರು ತಕ್ಷಣ ಮೇಲಿನಿಂದ ಕುಂಕುಮದ ಬಟ್ಟಲು ತರಿಸಿ, ಪೀಠಕ್ಕೆ ಇಟ್ಟು, ಕೈಮುಗಿದು, ಬಟ್ಟಲನ್ನು ಅಲ್ಲಿಯೇ ಬಿಟ್ಟು ಹೋದರು. 71 ಹರ್ಟ್ಸಿನಲ್ಲಿ ಅದುರಿದ್ದು ಆ ಬಟ್ಟಲು.

ಈ ಘಟ್ಟದ ನಂತರ ಹವ್ಯಾಸಿಯ ಶ್ರವಣದಲ್ಲಿ ಮೂಲಭೂತ ಬದಲಾವಣೆಯೊಂದು ಕಂಡುಬರುತ್ತದೆ. ಮೈಸೂರಿನ ದಾರಿಯಲ್ಲಿ ಹಾಡು ನುಡಿಯುತ್ತಿರುವಾಗ ಪಕ್ಕದಲ್ಲಿ ಪತ್ನಿ ಎರಡನೆಯ ಚರಣವನ್ನೂ ಗುನುಗುತ್ತಿದ್ದರೆ, ಆತನಿಗೆ ಪಲ್ಲವಿ ಯಾವುದೆಂಬುದೂ ಗೊತ್ತಾಗಿರುವುದಿಲ್ಲ. ಆತ ಕೇಳುತ್ತಿರುವುದು ಎಡಬಾಗಿಲಿನ ಕೆಳಮೂಲೆಯನ್ನು. ವ್ಯವಸ್ಥೆ ಉತ್ತಮಗೊಂಡಷ್ಟೂ ಕಾರಿನ ಕೊರತೆಗಳು ಸ್ಪಷ್ಟವಾಗಿ ಕೇಳಿಸುವುದರಿಂದ, ಸಂಗೀತವು ಆ ಕೊರತೆಗಳನ್ನು ಹೊರಗೆಳೆಯುವ ಒಂದು ಪರೀಕ್ಷಾ ಸಾಧನವಾಗಿ ಮಾತ್ರ ಉಳಿಯುತ್ತದೆ.

ಇದೇ ಹವ್ಯಾಸದ ಇನ್ನೊಂದು ಪಂಥದ ಬಗ್ಗೆ ಸಮಚಿತ್ತದಿಂದ ಬರೆಯುವುದು ಕಷ್ಟ. ಸಿಗ್ನಲ್ಲಿನಲ್ಲಿ ಗಾಜು ಇಳಿಸಿ, ಪಕ್ಕದ ಆಟೋದಲ್ಲಿ ಕುಳಿತವರ ಎದೆಗೂಡು ಅದುರುವಂತೆ ಬಾರಿಸುವ ಈ ಪಂಥದವರಿಗೆ ಹಾಡು ಯಾವುದಾದರೂ ನಡೆಯುತ್ತದೆ. ಶಬ್ದಮಾಲಿನ್ಯದ ಬಗ್ಗೆ 2000ದ ನಿಯಮಗಳಿವೆ, ಆಸ್ಪತ್ರೆಯ ಸುತ್ತಲಿನ 100 ಮೀಟರ್ ಪ್ರದೇಶವನ್ನು ಮೌನವಲಯವೆಂದು ಘೋಷಿಸಲು ಅವು ಅವಕಾಶ ಕೊಡುತ್ತವೆ. ಸಿಗ್ನಲ್ಲುಗಳು ಆಸ್ಪತ್ರೆಯ ಮುಂದೆಯೂ ಇರುತ್ತವೆ, ಒಳಗೆ ಮಲಗಿದವರು ಗಾಜು ಏರಿಸಿಕೊಳ್ಳಲಾರರು. ಹವ್ಯಾಸಿಗೆ ಇಂಥವರ ಮೇಲೆ ಬರುವ ಸಿಟ್ಟಿನಲ್ಲಿ ಇರಿಸುಮುರುಸೂ ಬೆರೆತಿರುತ್ತದೆ, ಏಕೆಂದರೆ ಅವರ ಡಿಕ್ಕಿಯಲ್ಲಿರುವುದೂ ಆತನ ಸೀಟಿನ ಕೆಳಗಿರುವುದೂ ಒಂದೇ ಕುಲದ ಡಬ್ಬಗಳು. ವಾರಕ್ಕೆ 80 ಡೆಸಿಬೆಲ್ಲಿನಲ್ಲಿ 40 ಗಂಟೆ, 90ರಲ್ಲಾದರೆ 4 ಗಂಟೆ ಮಾತ್ರ ಕೇಳುವುದು ಕಿವಿಗೆ ಕ್ಷೇಮವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಳೆದ ಶ್ರವಣ ಮರಳಿ ಬರುವುದಿಲ್ಲ, ಮತ್ತು ವಯಸ್ಸೆಂಬುದು ಯಾರೂ ಶಬ್ದ ಏರಿಸದಿದ್ದರೂ ಮೇಲಿನ ಸ್ವರಗಳನ್ನು ಒಂದೊಂದಾಗಿ ಒಯ್ಯುತ್ತದೆ. ಟ್ವೀಟರ್, ಅಂದರೆ ಅತಿ ಮೇಲಿನ ಸ್ವರಗಳ ಪುಟ್ಟ ಸ್ಪೀಕರ್, ರೇಷ್ಮೆಯ ಗುಮ್ಮಟದ್ದೇ ಬೇಕೆಂದು ಹುಡುಕಿ ತಂದ ಹವ್ಯಾಸಿ ಅದನ್ನು ಪರೀಕ್ಷಿಸಲು 14,000 ಹರ್ಟ್ಸಿನ ನಾದ ಹಾಕಿ, ವೈರು ಬಿಟ್ಟುಹೋಗಿದೆಯೆಂದು ಮತ್ತೆ ಬಿಚ್ಚಲು ಸ್ಕ್ರೂಡ್ರೈವರ್ ಎತ್ತಿಕೊಂಡಾಗ, ಹಿಂದೆ ಕುಳಿತ ಮಗಳು ಎರಡೂ ಕಿವಿ ಮುಚ್ಚಿಕೊಂಡು ‘ಅಪ್ಪಾ, ಆಫ್ ಮಾಡಪ್ಪಾ’ ಎಂದು ಕೂಗುತ್ತಿದ್ದಳು. ಕಿವಿ ಇದ್ದ ಕಾಲದಲ್ಲಿ ಆತನ ಕೈಯಲ್ಲಿ ದುಡ್ಡಿರಲಿಲ್ಲ. ಟ್ವೀಟರನ್ನು ಬಿಚ್ಚಲಿಲ್ಲ; ಮನೆಯಲ್ಲಿ ಕೇಳಿಸಿಕೊಳ್ಳುವವರು ಒಬ್ಬರಾದರೂ ಇದ್ದರು.

ಇನ್ನುಳಿದದ್ದು ಮಾರಾಟದ ವಿಚಾರ. ಹಳೆಯ ಕಾರು ನೋಡಲು ಬರುವ ದಲ್ಲಾಳಿ ಬಾನೆಟ್ ಎತ್ತಿ, ಟೈರು ಒದ್ದು, ಒಳಗೆ ಬಗ್ಗಿ ನೋಡಿ, ‘ಕಂಪನಿ ಸೆಟ್ ಇಲ್ವಾ ಸಾರ್?’ ಎಂದು ಕೇಳಿ, ಅದರ ಬಾಬ್ತು ಇಷ್ಟೆಂದು ಬೆಲೆಯಿಂದ ಕಳೆಯುತ್ತಾನೆ. ಆದ್ದರಿಂದ ಅನುಭವಿ ಹವ್ಯಾಸಿಗಳು ಕಂಪನಿ ಸೆಟ್ಟನ್ನು ಬಿಚ್ಚಿದ ದಿನವೇ ಹಳೆಯ ಪತ್ರಿಕೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿರುತ್ತಾರೆ. ಮಾರುವ ಹಿಂದಿನ ದಿನ ಅದು ಕೆಳಗಿಳಿಯುತ್ತದೆ, ಆಂಪ್ಲಿಫೈಯರು, ಸಬ್‌ವೂಫರು, ಡಿ.ಎಸ್.ಪಿ. ಮೇಲೇರುತ್ತವೆ. ಹೊಸ ಕಾರುಗಳಲ್ಲಿ ಮೊದಲಿನ 180 ಮಿಲಿಮೀಟರ್ ಅಗಲದ ಸಿದ್ಧ ಕಿಂಡಿ ಅಪರೂಪವಾಗಿದೆ, ಎ.ಸಿ., ಹಿಂಬದಿಯ ಕ್ಯಾಮೆರಾ, ಹಾಡು ಎಲ್ಲವೂ ಒಂದೇ ಸ್ಪರ್ಶಪರದೆಯೊಳಗೆ ಹುದುಗಿದ್ದು, ಅದನ್ನು ಕಿತ್ತರೆ ಕಾರೇ ಮುನಿಸಿಕೊಳ್ಳುತ್ತದೆ. ಬಾಗಿಲುಗಳು ಮಾತ್ರ ಇನ್ನೂ ಬಿಚ್ಚಲು ಬರುತ್ತವೆ. ಶೋರೂಮಿನಲ್ಲಿ ಮೈಲೇಜು, ಏರ್‌ಬ್ಯಾಗು, ಸನ್‌ರೂಫುಗಳನ್ನು ಪತ್ನಿಗೆ ವಿವರಿಸುತ್ತಿದ್ದ ಮಾರಾಟದ ಹುಡುಗ, ಕಾರಿನ ಆ ಬದಿಯಲ್ಲಿ ಮಂಡಿಯೂರಿ ಕುಳಿತು ಬಾಗಿಲಿಗೆ ಟೇಪು ಹಿಡಿದು ಅಳೆಯುತ್ತಿರುವ ಗಿರಾಕಿಯನ್ನು ಕಂಡು, ‘ಸಾರ್ ಏನಾದ್ರೂ ಬೀಳಿಸ್ಕೊಂಡ್ರಾ?’ ಎಂದು ಕೇಳುತ್ತಾನೆ.