ಬೀಗದ ಕೈ ಯಾರ ಕೈಲಿ

ಹೋದ ಏಪ್ರಿಲ್‌ನಲ್ಲಿ ನನಗೆ ಬಡ್ತಿ ಸಿಕ್ಕಿತು. ಶೆಟ್ಟಿಹಳ್ಳಿಯಿಂದ ಹೊರಟು, ಜಾಲಹಳ್ಳಿ ಕ್ರಾಸ್‌ನ ಜಂಜಾಟ ದಾಟಿ, ಪೀಣ್ಯದ ಕಾರ್ಖಾನೆಯೊಂದಕ್ಕೆ ಹದಿನೆಂಟು ವರ್ಷ ಸ್ಕೂಟರ್ ಸವೆಸಿದ್ದಕ್ಕೆ ಕೊನೆಗೂ ಒಂದು ತಿರುಗೋ ಕುರ್ಚಿ. ಮೊದಲ ದಿನ ಅದರಲ್ಲಿ ಎರಡು ಸುತ್ತು ತಿರುಗಿ, ಗಂಟಲು ಸರಿಮಾಡಿಕೊಂಡು, ಸ್ಟೋರ್ಸಿಗೆ ಫೋನ್ ಮಾಡಿ ಎರಡು ಪೆನ್ನು ಕಳಿಸಲು ಹೇಳಿದೆ.

"ಇಂಡೆಂಟ್ ಹಾಕಿ ಸಾರ್."

ಬರೆದುಕೊಂಡು ನಾನೇ ಹೋದೆ. ಸ್ಟೋರ್ ಕೀಪರ್ ಕನ್ನಡಕ ಏರಿಸಿ ನೋಡಿದರು. "ಹೆಡ್ ಸೈನ್ ಬೇಕಲ್ಲ?"

"ಈಗ ನಾನೇ ಹೆಡ್ಡು."

"ಹೌದೇ? ಸಂತೋಷ. ಆದ್ರೆ ನಿಮ್ಮ ಸ್ಯಾಂಪಲ್ ಸೈನ್ ಇನ್ನೂ ನಮಗೆ ಬಂದಿಲ್ವೇ ಸಾರ್."

ಅಷ್ಟರಲ್ಲಿ ಟೀ ಮಾಡುವ ಅಕ್ಕ ಬಂದರು. "ಅಣ್ಣಾ, ಮಗೀಗೆ ಸ್ಕೂಲಲ್ಲಿ ಚಾರ್ಟ್ ಬರೀಬೇಕಂತೆ. ಒಂದು ಮಾರ್ಕರ್ ಕೊಡಣ್ಣ." ಸ್ಟೋರ್ ಕೀಪರ್ ಸೊಂಟದ ಬೀಗದ ಕೈ ಗೊಂಚಲು ಝಣ್ ಅಂದಿತು, ಬೀರು ತೆರೆಯಿತು, ಮೂರು ಬಣ್ಣದ ಮಾರ್ಕರ್ ಅಕ್ಕನ ಕೈ ಸೇರಿದವು. ಇಂಡೆಂಟೂ ಇಲ್ಲ, ಸೈನೂ ಇಲ್ಲ.

ಎಂಬಿಎ ಓದುತ್ತಿರುವ ಮಗಳ ಹತ್ತಿರ ದುಃಖ ತೋಡಿಕೊಂಡೆ. 1959ರಲ್ಲೇ ಜಾನ್ ಫ್ರೆಂಚ್, ಬರ್ಟ್ರಾಮ್ ರೇವನ್ ಎಂಬಿಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞರು ಇದಕ್ಕೆಲ್ಲ ಲೆಕ್ಕ ಬರೆದಿಟ್ಟಿದ್ದಾರಂತೆ. ಅಧಿಕಾರಕ್ಕೆ ಐದು ಮೂಲ: ಕೊಡುವ ಶಕ್ತಿ, ದಂಡಿಸುವ ಶಕ್ತಿ, ಹುದ್ದೆ, ಪರಿಣತಿ, ಜನರ ಅಭಿಮಾನ. 1965ರಲ್ಲಿ ರೇವನ್ ಮಾಹಿತಿಯನ್ನೂ ಸೇರಿಸಿದರು. ಆರು ವರ್ಷ ಯೋಚನೆ ಮಾಡಿದ ಮೇಲೂ ಆ ಪುಣ್ಯಾತ್ಮನಿಗೆ ಬೀಗದ ಕೈ ನೆನಪಾಗಲಿಲ್ಲ ನೋಡಿ.

"ನಿಂದು ಬರೀ ಮೂರನೇದು ಅಪ್ಪ" ಅಂದಳು ಮಗಳು.

ಉಳಿದವನ್ನೂ ಸಂಪಾದಿಸೋಣವೆಂದು ಹೊರಟೆ. ಕೊಡೋಣವೆಂದರೆ ನೂರು ರೂಪಾಯಿ ಇನ್‌ಕ್ರಿಮೆಂಟಿಗೂ ಓನರನ್ನೇ ಕೇಳಬೇಕು. ಸರಿ, ದಂಡಿಸೋಣ ಎಂದು ತಡವಾಗಿ ಬಂದ ಫಿಟ್ಟರ್‌ಗೆ ಮೆಮೊ ಕೊಟ್ಟೆ. ಪ್ರಸಾದ ತಗೊಂಡ ಹಾಗೆ ಎರಡೂ ಕೈಯಲ್ಲಿ ತಗೊಂಡ. ಮಾರನೇ ದಿನ ರಜ ಹಾಕಿದ. ಆವತ್ತೇ ಹಳೇ ಕಂಪ್ರೆಸರ್ ಕೆಟ್ಟು ಕೂತಿತು. ಅದಕ್ಕೆ ಎಲ್ಲಿ ತಟ್ಟಬೇಕು, ಎಷ್ಟು ಜೋರಾಗಿ ತಟ್ಟಬೇಕು ಅನ್ನೋದು ಅವನೊಬ್ಬನಿಗೇ ಗೊತ್ತು. ಮಧ್ಯಾಹ್ನದ ಹೊತ್ತಿಗೆ "ಗುರುವೇ, ಒಂಚೂರು ಬಂದು ಹೋಗಪ್ಪಾ" ಎಂದು ಫೋನಿನಲ್ಲಿ ಗೋಗರೆಯುತ್ತಿದ್ದವನು ನಾನೇ. ಮೆಮೊ ಏನಾಯಿತೆಂದು ನಾನೂ ಕೇಳಿಲ್ಲ, ಅವನೂ ಹೇಳಿಲ್ಲ.

ಫ್ರಾನ್ಸಿನಲ್ಲೂ ಇದೇ ಕತೆಯಂತೆ. ಅಲ್ಲಿನ ಸರ್ಕಾರಿ ತಂಬಾಕು ಕಾರ್ಖಾನೆಗಳನ್ನು ನೋಡಿ ಮಿಷೆಲ್ ಕ್ರೋಜಿಯೆ ಅರವತ್ತರ ದಶಕದಲ್ಲಿ ಬರೆದರು: ಎಲ್ಲಕ್ಕೂ ನಿಯಮವಿತ್ತು, ಯಂತ್ರ ಕೆಡುವುದಕ್ಕೆ ಮಾತ್ರ ಇರಲಿಲ್ಲ. ಹಾಗಾಗಿ ರಿಪೇರಿಯವನೇ ರಾಜ. ಯಂತ್ರದ ಕೈಪಿಡಿ, ನಕ್ಷೆಗಳೂ ಅಲ್ಲಿಂದ ಮಾಯವಾಗಿದ್ದವಂತೆ!

ಕೈಯಲ್ಲಿ ಕೊಡಲು ಏನೂ ಇಲ್ಲದವರಿಗೂ ಅಧಿಕಾರ ಬರುವುದುಂಟು. ನಮ್ಮ ಪಕ್ಕದ ಮನೆಯ ತಾತ ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಟರ್ನರ್ ಆಗಿದ್ದವರು. 1961ರಲ್ಲಿ ಎಚ್‌ಎಂಟಿ ಜಪಾನಿನ ಸಿಟಿಜನ್ ಜೊತೆಗೂಡಿ ವಾಚು ಮಾಡಲು ಶುರುಮಾಡಿತಲ್ಲ, ಆ ವಿಭಾಗದ ಬಾಗಿಲನ್ನೂ ಇವರು ದಾಟಿದವರಲ್ಲ. ಆದರೂ ಮದುವೆ ಕಾಲ ಬಂತೆಂದರೆ ಅಳಿಯನಿಗೆ ವಾಚು ಹುಡುಕುವ ಮಾವಂದಿರು ಬೆಳಿಗ್ಗೆ ಆರಕ್ಕೇ ಇವರ ಜಗಲಿಯಲ್ಲಿರುತ್ತಿದ್ದರು. "ಕೊಡ್ಸಿದ್ದು ಎರಡೋ ಮೂರೋ ಕಣಯ್ಯ. ನಮಸ್ಕಾರ ಮಾತ್ರ ಎಂಟೂರಿಂದ ಬರ್ತಿತ್ತು" ಅನ್ನುತ್ತಾರೆ, ಈಗಲೂ ಖಾಲಿ ಮಣಿಕಟ್ಟು ಸವರಿಕೊಂಡು.

ಡಿಸೆಂಬರ್ ಬಂತು. ನಮ್ಮ ರಸ್ತೆ ಬದಿಯಲ್ಲಿ ಅವರೆಕಾಯಿ ರಾಶಿ ಬಿತ್ತು. ಮೂಸಿ ನೋಡಿ ಐದು ಕೆಜಿ ತಂದೆ. ರಾತ್ರಿ ಹನ್ನೊಂದರವರೆಗೆ ಮನೆಮಂದಿಯೆಲ್ಲ ಕೂತು ಹಿದುಕಿದೆವು. ಮಾರನೇ ದಿನ ಊಟದ ಹೊತ್ತಿಗೆ ಡಬ್ಬಿ ಮುಚ್ಚಳ ತೆಗೆದಿದ್ದೇ ತಡ, ಬಾಗಿಲಲ್ಲಿ ಝಣ್ ಅಂದಿತು.

"ಏನ್ ಸಾರ್, ಸೊಗಡು ಸ್ಟೋರ್ಸ್‌ವರೆಗೂ ಬಂತು!"

ಮೂರು ಸೌಟು ಬಡಿಸಿದೆ. ಸಂಜೆ ನೋಡಿದರೆ ಟೇಬಲ್ ಮೇಲೆ ಎರಡು ಪೆನ್ನು.

ಅವರೆಕಾಯಿ ಕಾಲ ಮುಗಿಯುತ್ತಾ ಬಂದಿದೆ. ಡ್ರಾಯರಿನಲ್ಲೀಗ ಇಪ್ಪತ್ತಾರು ಪೆನ್ನಿವೆ. ಮುಂದಿನ ಡಿಸೆಂಬರ್‌ವರೆಗೆ ಯೋಚನೆಯಿಲ್ಲ.